ಶವಯಾತ್ರೆ ಹೊರಡುವ ಮನೆ

ಗ್ರಾನ್ವಿಲ್ ಸ್ಕೀಟ್ ಡಾಮಿನೊ ಆಡುತ್ತ ಸತ್ತ. ಗೆಲ್ಲುವ ಕಾಯಿಯನ್ನು ಮೇಜಿಗೆ ಕುಟ್ಟಲೆಂದು ಕೈ ಎತ್ತಿದವನು ಆ ಕೈಯನ್ನು ಇಳಿಸಲೇ ಇಲ್ಲ, ಕುರ್ಚಿಸಮೇತ ಹಿಂದಕ್ಕೆ ಬಿದ್ದ. ಜೊತೆಗೆ ಆಡುತ್ತಿದ್ದವರು ಮೊದಲು ಅವನ ಮುಷ್ಟಿ ಬಿಡಿಸಿ ಕಾಯಿ ಯಾವುದೆಂದು ನೋಡಿದರು, ಆಮೇಲೆ ನಾಡಿ ನೋಡಿದರು. ಡಬಲ್ ಸಿಕ್ಸ್. ಆಟ ಅವನದೇ ಎಂದು ಎಲ್ಲರೂ ಒಪ್ಪಿದರು. ಬಾರ್ಬಡೋಸ್ ದ್ವೀಪದ ಕ್ಲೇಪಿಟ್ ಹಳ್ಳಿಯಲ್ಲಿ ಗಂಡಸರಿಗೆ ನ್ಯಾಯ ಅಷ್ಟು ಬೇಗ ಸಿಗುತ್ತದೆ.

ಊರಿಗೆಲ್ಲ ಅವನು ಕ್ಯಾಪ್ಟನ್. ಆಯುಷ್ಯದಲ್ಲಿ ಒಂದೇ ಸಲ ಹಡಗು ಹತ್ತಿದ್ದ, ಬಂದರಿನಿಂದ ದೀಪಸ್ತಂಭದವರೆಗೆ. ಅಷ್ಟರಲ್ಲಿ ಮೂರು ಸಲ ವಾಂತಿ ಮಾಡಿಕೊಂಡಿದ್ದ.

ಸುದ್ದಿ ಬಂದಾಗ ಇಸ್ಮೇ ಗಿಟನ್ಸ್ ಮೀನುಪೇಟೆಯ ಕಲ್ಲುಕಟ್ಟೆಯ ಮುಂದೆ ನಿಂತು ಹಾರುಮೀನಿನ ಮುಳ್ಳು ಬಿಡಿಸುತ್ತಿದ್ದಳು. ಕೈಯಲ್ಲಿದ್ದ ಮೀನನ್ನು ಪೂರ್ತಿ ಮುಗಿಸಿ, ಚೂರಿ ತೊಳೆದು, ಏಪ್ರನ್ನಿಗೆ ಕೈ ಒರೆಸಿಕೊಂಡಳು. ಇಪ್ಪತ್ತೆರಡು ವರ್ಷ ಅವನ ಜೊತೆ ಬಾಳಿದವಳು. ಅವಳಿಗೆ ಮೊದಲು ನೆನಪಾದದ್ದು ಗ್ರಾನ್ವಿಲ್. ಎರಡನೆಯದಾಗಿ ನೆನಪಾದದ್ದು ಮನೆ. ಎರಡನೆಯದಕ್ಕೆ ಅವಳಿಗೆ ನಾಚಿಕೆಯಾಯಿತು. ಆಮೇಲೆ ನಾಚಿಕೊಳ್ಳಲು ಪುರುಸೊತ್ತು ಸಿಗಲಿಲ್ಲ.

ನೆಲ ಗ್ರಾನ್ವಿಲ್‌ನದು, ಅವನ ತಾಯಿಯಿಂದ ಬಂದದ್ದು. ಮನೆ ಇಸ್ಮೇಯದು. ಕ್ಲೇಪಿಟ್ಟಿನ ಮನೆಗಳು ನೆಲಕ್ಕೆ ಅಂಟಿಕೊಂಡಿರುವುದಿಲ್ಲ. ಹಲಗೆ ಮನೆಗಳು ಅವು, ಬಿಡಿ ಕಲ್ಲುಗಳ ಮೇಲೆ ಕೂತಿರುತ್ತವೆ. ನೆಲದ ಒಡೆಯ ಏಳು ಅಂದರೆ ಗೋಡೆ ಬಿಚ್ಚಿ ಲಾರಿಗೆ ಹೇರಿಕೊಂಡು ಹೋಗಬೇಕು, ಅದಕ್ಕೆಂದೇ ಹಾಗೆ ಕಟ್ಟಿದ್ದು. ಇಸ್ಮೇ ಮೀನು ಮಾರಿ ಮಾರಿ ಮೊದಲು ಮುಂದಿನ ಕೋಣೆ ಎಬ್ಬಿಸಿದಳು, ನಾಲ್ಕು ವರ್ಷ ಬಿಟ್ಟು ಮಲಗುವ ಕೋಣೆ, ಆಮೇಲೆ ಹಿಂದೆ ಇಳಿಜಾರು ಮಾಡಿನ ಅಡುಗೆಮನೆ. ಒಂದೊಂದು ಹಲಗೆಯೂ ಯಾವ ವರ್ಷದ ಮೀನು ಎಂದು ಅವಳು ಹೇಳಬಲ್ಲಳು. ಆದರೆ ಮರದ ಡಿಪೋದ ಗುಮಾಸ್ತ ಹೆಂಗಸಿನ ಹೆಸರಿಗೆ ರಸೀದಿ ಬರೆಯುತ್ತಿರಲಿಲ್ಲ. "ಯಾರಾದ್ರೂ ಗಂಡಸಿನ ಹೆಸರು ಹೇಳಮ್ಮ" ಎನ್ನುತ್ತಿದ್ದ. ಹಾಗಾಗಿ ಎಲ್ಲ ರಸೀದಿಗಳೂ ಜಿ. ಸ್ಕೀಟ್ ಹೆಸರಿನಲ್ಲಿದ್ದವು. ಊರಿನ ಬಾಯಲ್ಲಿ ಅದು ಕ್ಯಾಪ್ಟನ್ನನ ಮನೆ. ಕ್ಯಾಪ್ಟನ್ನನಿಗೆ ಚರ್ಚಿನಲ್ಲಿ ಮದುವೆಯಾದ ಹೆಂಡತಿ ಇದ್ದಳು, ಮ್ಯೂರಿಯಲ್. ಇಪ್ಪತ್ನಾಲ್ಕು ವರ್ಷದ ಹಿಂದೆ ಇಂಗ್ಲೆಂಡಿಗೆ ಹೋದವಳು. ಪ್ರತಿ ಕ್ರಿಸ್‌ಮಸ್ಸಿಗೆ ಅವಳಿಂದ ಹಿಮದ ಚಿತ್ರವಿರುವ ಒಂದು ಕಾರ್ಡು ಬರುತ್ತಿತ್ತು. ಇಸ್ಮೇ ಅದನ್ನು ಓದದೆ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಜೆಮಟ್ ಬಂದ. ಉದಯ ನಕ್ಷತ್ರ ಸಹಾಯ ಸಂಘದ ಕಾರ್ಯದರ್ಶಿ, ಊರಿನ ರಮ್ಮಿನ ಅಂಗಡಿಯ ಮಾಲೀಕ. ಸತ್ತ ಸದಸ್ಯರನ್ನು ಮಣ್ಣು ಮಾಡುವುದು ಸಂಘದ ಹೊಣೆ, ಅವರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವುದು ಜೆಮಟ್‌ನ ಸಂತೋಷ. ಜೊತೆಗೆ ಬ್ಯಾಬ್ ಎಂಬ ಇನ್ನೊಬ್ಬ ಸದಸ್ಯನನ್ನು ಕರೆದುಕೊಂಡು ಬಂದಿದ್ದ. ಇಬ್ಬರೂ ಇಸ್ಮೇಯ ಕುರ್ಚಿಗಳಲ್ಲಿ ಕೂತು, ಇಸ್ಮೇಯ ರಮ್ಮು ಕುಡಿದು, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. ಮೀನುಪೇಟೆಯ ಗೆಳತಿ ಪರ್ಲೀನ್ ಅಡುಗೆಮನೆಯಲ್ಲಿ ಚಹಾ ಕಾಸುತ್ತ ಬಾಗಿಲ ಕಡೆಗೇ ಕಿವಿ ಇಟ್ಟಿದ್ದಳು.

"ಇಸ್ಮೇ, ನೀನು ಒಳ್ಳೆ ಹೆಂಗಸು" ಎಂದ ಜೆಮಟ್. "ಯಾರನ್ನ ಬೇಕಾದ್ರೂ ಕೇಳು."

"ಕೇಳೋದು ಬೇಡ ಜೆಮಟ್ರೇ. ವಿಷಯ ಹೇಳಿ."

"ಮಿಸೆಸ್ ಸ್ಕೀಟ್‌ಗೆ ತಂತಿ ಕೊಟ್ಟಿದ್ವಿ. ಶನಿವಾರ ವಿಮಾನದಲ್ಲಿ ಬರ್ತಾರೆ. ಭಾನುವಾರ ಮಣ್ಣು. ಅದಾದ್ಮೇಲೆ ಅವರಿಗೆ ಇಳಕೊಳ್ಳೋಕೆ ಗಂಡನ ಮನೆ ಅಂತ ಒಂದು ಬೇಕಲ್ಲ. ನೀನು ಮನೆ ಚೆನ್ನಾಗಿ ತೊಳೆದು, ಹಾಸಿಗೆಗೆ ಹೊಸ ಬಟ್ಟೆ ಹಾಕಿ, ಮರ್ಯಾದೆಯಾಗಿ ಬೀಗದ ಕೈ ಅವರ ಕೈಗೆ ಕೊಡು. ಊರು ಮೆಚ್ಚುತ್ತೆ."

"ಊರು ಮೆಚ್ಚಿದ್ಮೇಲೆ ನಾನು ಎಲ್ಲಿ ಮಲಗ್ಲಿ?"

ಜೆಮಟ್ ಬ್ಯಾಬ್‌ನ ಮುಖ ನೋಡಿದ. ಬ್ಯಾಬ್ ತನ್ನ ಟೋಪಿ ನೋಡಿದ. ಅಷ್ಟು ದೂರ ಇಬ್ಬರೂ ಯೋಚಿಸಿರಲಿಲ್ಲ.

"ಸುಮ್ನೆ ಕೊಡು ಅಂತ ಹೇಳ್ತಿಲ್ಲ" ಎಂದ ಜೆಮಟ್, ಧ್ವನಿ ತಗ್ಗಿಸಿ. "ನಿನ್ನನ್ನ ರೇಡಿಯೋ ಪ್ರಕಟಣೆಗೆ ಸೇರಿಸ್ತೀವಿ. ಹೆಂಡತಿ, ಮಕ್ಕಳು ಎಲ್ಲಾ ಆದ್ಮೇಲೆ, 'ಇಸ್ಮೇ ಗಿಟನ್ಸ್ ಅವರ ಆಪ್ತ ಮಿತ್ರ'. ಆಪ್ತ ಅಂತ ಹಾಕಿಸಬೇಕಾದ್ರೆ ನಾನು ಸಂಘದಲ್ಲಿ ಎಷ್ಟು ಜಗಳ ಆಡಿದೀನಿ ಗೊತ್ತಾ? ಬರೀ ಮಿತ್ರ ಸಾಕು ಅಂದ್ರು."

ಇಸ್ಮೇ ಗೋಡೆಯ ಮೇಲಿನ ಪೆಟ್ಟಿಗೆಯ ಕಡೆ ನೋಡಿದಳು. ಎಲ್ಲ ಮನೆಯ ಗೋಡೆಯಲ್ಲೂ ಅಂಥದೊಂದು ಇತ್ತು. ತಂತಿಯಲ್ಲಿ ಬರುವ ರೇಡಿಯೋ, ಅದರ ಒಂದೇ ಗುಂಡಿಯಿಂದ ಸದ್ದು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲು ಬರುವುದಿಲ್ಲ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಹೊತ್ತು ಆರ್ಗನ್ ವಾದ್ಯ ನುಡಿದು ಸತ್ತವರ ಹೆಸರು ಓದುತ್ತಿದ್ದರು. ಆ ಐದು ನಿಮಿಷ ಇಡೀ ದ್ವೀಪದಲ್ಲಿ ಯಾವ ಸೌಟೂ ತಿರುಗುತ್ತಿರಲಿಲ್ಲ. ಸತ್ತವನು ಯಾರು ಎಂಬುದು ಒಂದು ಸಾಲಿನ ಮಾತು. ಅವನು ಯಾರ ಗಂಡ, ಯಾರ ತಂದೆ, ಯಾರ ಭಾವ, ಟೊರಾಂಟೊದಲ್ಲಿರುವ ಯಾರ ಚಿಕ್ಕಪ್ಪ ಎಂಬುದೇ ಮುಖ್ಯ. ಆ ಪಟ್ಟಿಯಲ್ಲಿ ಇದ್ದವರು ಇದ್ದರು, ಇಲ್ಲದವರು ಇರಲೇ ಇಲ್ಲ. ಎಷ್ಟೋ ವರ್ಷ ಇಸ್ಮೇ ಮೀನಿಗೆ ಉಪ್ಪು, ನಿಂಬೆ ಸವರುತ್ತ ಆ ಪಟ್ಟಿಗಳಲ್ಲಿ ತನಗೊಂದು ಜಾಗ ಹುಡುಕಿದ್ದಳು. ಹೆಂಡತಿಯ ಸಾಲಲ್ಲಂತೂ ಅಲ್ಲ. ಸೋದರಳಿಯಂದಿರು ಮುಗಿದ ಮೇಲೆ, ಡಾಮಿನೊ ತಂಡಕ್ಕೆ ಮುಂಚೆ, ಅಲ್ಲೆಲ್ಲೋ. ತನ್ನ ಹೆಸರು ಅಲ್ಲಿ ಬಂದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೇಳಬೇಕು ಎಂದುಕೊಂಡಿದ್ದಳು.

"ಹೂಂ ಅನ್ನೇ" ಎಂದಳು ಪರ್ಲೀನ್ ಬಾಗಿಲಲ್ಲಿ ನಿಂತು. "ನಮ್ಮವನು ಸತ್ತಾಗ ನಾನು 'ಮತ್ತು ಇತರರು' ಅನ್ನೋದ್ರಲ್ಲಿ ಬಂದೆ. ಹದಿನಾಲ್ಕು ವರ್ಷ ಅವನ ಅಂಗಿ ಒಗೆದಿದ್ದೆ. ಆಪ್ತ ಅಂತ ಕೊಡ್ತಿದಾರೆ, ತಗೋ."

ಇಸ್ಮೇ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಜೆಮಟ್ ಅದನ್ನೇ ಒಪ್ಪಿಗೆ ಎಂದುಕೊಂಡು ನೋಟುಪುಸ್ತಕ ತೆರೆದು ಬರೆಯತೊಡಗಿದ. ಬರೆದದ್ದನ್ನು ಗಟ್ಟಿಯಾಗಿ ಓದಿದ. ಅವನು ಯಾವ ನಾಮಪದವನ್ನೂ ಒಂಟಿಯಾಗಿ ಬಿಡುವವನಲ್ಲ. ಸಾವು 'ಅಕಾಲಿಕ'ವಾಗಿತ್ತು, ಹೆಂಡತಿ 'ಸಾಧ್ವಿ'ಯಾಗಿದ್ದಳು, ಡಾಮಿನೊ ತಂಡ 'ಅಜೇಯ'ವಾಗಿತ್ತು. ಕೊನೆಗೆ "ಶವಯಾತ್ರೆ ಭಾನುವಾರ ಮೂರು ಗಂಟೆಗೆ ಮೃತರ ನಿವಾಸದಿಂದ ಹೊರಡುವುದು" ಎಂದು ಓದಿ ನಿಲ್ಲಿಸಿದ.

ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಬ್ಯಾಬ್ ಕೆಮ್ಮಿದ. "ಬ್ರದರ್ ಜೆಮಟ್, ಒಂಬತ್ತನೇ ನಿಯಮ."

ಸಂಘದ ಒಂಬತ್ತನೇ ನಿಯಮದ ಪ್ರಕಾರ, ಹೆಂಡತಿಯಲ್ಲದವಳ ಜೊತೆ ಸಂಸಾರ ಮಾಡುವ ಸದಸ್ಯನ ಮಣ್ಣಿನ ಖರ್ಚನ್ನು ಸಂಘ ಕೊಡುವಂತಿಲ್ಲ. ಕ್ಲೇಪಿಟ್ಟಿನ ಸದಸ್ಯರಲ್ಲಿ ಈ ನಿಯಮ ಮೀರದಿದ್ದವರು ಇಬ್ಬರು. ಒಬ್ಬನಿಗೆ ವಯಸ್ಸು ಎಂಬತ್ತೇಳು. ಇನ್ನೊಬ್ಬ ಸಮುದ್ರದಲ್ಲಿ ಕಾಣೆಯಾಗಿದ್ದ.

"ಊರಿಗೆಲ್ಲಾ ಗೊತ್ತಿರೋ ವಿಷಯ" ಎಂದ ಜೆಮಟ್.

"ಊರಿಗೆ ಗೊತ್ತು. ಬ್ರಿಜ್‌ಟೌನ್ ಹೆಡ್ಡಾಫೀಸಿಗೆ ಗೊತ್ತಿಲ್ವಲ್ಲ. ಅವರ ಗೋಡೇಲೂ ಪೆಟ್ಟಿಗೆ ಇದೆ. ಮೃತರ ನಿವಾಸ ಕ್ಲೇಪಿಟ್ಟು, ಹೆಂಡತಿ ಲಂಡನ್ನು, ಆಪ್ತ ಮಿತ್ರೆ ಕ್ಲೇಪಿಟ್ಟು ಅಂತ ಒಂದೇ ಉಸಿರಲ್ಲಿ ಓದಿದ್ರೆ, ಅವರೇನು ದಡ್ಡರಾ?"

ಇಬ್ಬರೂ ಪೇಚಿಗೆ ಬಿದ್ದರು. ಶವಯಾತ್ರೆ ಎಲ್ಲಿಂದಲಾದರೂ ಹೊರಡಲೇಬೇಕಿತ್ತು. ಎಲ್ಲಿಂದ ಎಂದು ಹೇಳದಿದ್ದರೆ ಜನ ಬರುವುದಿಲ್ಲ, ಜನ ಬರದಿದ್ದರೆ ಸಂಘಕ್ಕೆ ಅವಮಾನ.

ಇಸ್ಮೇ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಿದ್ದಳು. ಮುಳ್ಳು ಬಿಡಿಸುವಾಗ ಚೂರಿಗೆ ಕೆಲಸ ಕಡಿಮೆ, ಬೆರಳಿಗೆ ಹೆಚ್ಚು. ಮುಳ್ಳು ಎಲ್ಲಿ ಸಡಿಲವಾಗುತ್ತದೆಂದು ಬೆರಳಿಗೆ ತಾನಾಗಿ ತಿಳಿಯುತ್ತದೆ, ಆಗ ಎಳೆಯಬೇಕು.

"ನನ್ನ ಹೆಸರು ಮಿತ್ರೆ ಅಂತ ಹಾಕ್ಬೇಡಿ ಜೆಮಟ್ರೇ" ಎಂದಳು. "ಸತ್ತವನ ಹೆಸರು ಕೆಡೋದು ನನಗೆ ಬೇಡ. ಜನಕ್ಕೆ ದಾರಿ ಗೊತ್ತಾಗ್ಲಿ ಅಂತ ಮಾತ್ರ, ಇಸ್ಮೇ ಗಿಟನ್ಸ್ ಮನೆಯಿಂದ ಹೊರಡುತ್ತೆ ಅನ್ನಿ. ಗ್ರಾನ್ವಿಲ್ ನನ್ನ ಮನೇಲಿ ಬಾಡಿಗೆಗಿದ್ದ. ಒಂಟಿ ಗಂಡಸು, ಹೆಂಡತಿ ಪರದೇಶದಲ್ಲಿ. ತಪ್ಪೇನಿದೆ?"

ಬ್ಯಾಬ್ ಮೊದಲ ಸಲ ಟೋಪಿಯಿಂದ ಕಣ್ಣೆತ್ತಿದ. ಜೆಮಟ್ ಮಾತ್ರ ಮೆಲ್ಲಗೆ ತಲೆಯಾಡಿಸತೊಡಗಿದ. ಹೆಂಗಸರಲ್ಲೂ ಒಮ್ಮೊಮ್ಮೆ ಇಂಥ ಉದಾತ್ತತೆ ಕಾಣಸಿಗುತ್ತದೆ ಎಂಬ ಮೆಚ್ಚುಗೆ ಅವನ ಮುಖದಲ್ಲಿತ್ತು. ಮಿತ್ರನ ಸಾಲನ್ನೂ ನಿವಾಸದ ಸಾಲನ್ನೂ ಹೊಡೆದು ಹಾಕಿ ಹೊಸದಾಗಿ ಬರೆದ. ಬರೆದ ಮೇಲೆ ಅದು ಬೋಳುಬೋಳಾಗಿ ಕಂಡಿತು. ಹೆಡ್ಡಾಫೀಸಿಗೆ ಯಾವ ಅನುಮಾನವೂ ಉಳಿಯಬಾರದೆಂದು 'ಮನೆಯಿಂದ' ಎಂಬುದನ್ನು 'ಸ್ವಂತ ಮನೆಯಿಂದ' ಎಂದು ತಿದ್ದಿದ. ಆ 'ಸ್ವಂತ' ಪೂರ್ತಿ ಅವನದೇ ಕೊಡುಗೆ. ಇಸ್ಮೇ ಕೇಳಿರಲಿಲ್ಲ.

ಅವರು ಹೋದ ಮೇಲೆ ಪರ್ಲೀನ್ ಚಹಾದ ಬಟ್ಟಲನ್ನು ಠಕ್ಕೆಂದು ಇಟ್ಟಳು. "ಬುದ್ಧಿ ಇದೆಯೇನೇ ನಿಂಗೆ? ಆಪ್ತ ಅನ್ನೋದನ್ನ ಕೈಯಾರೆ ಬಿಟ್ಟೆ. ಮೂರು ಹೊತ್ತು ಓದೋರು."

"ಆಪ್ತ ಅನ್ನೋದರ ಕೆಳಗೆ ಕೂತ್ರೆ ಮಳೆ ಸೋರುತ್ತೆ ಪರ್ಲೀನ್."

ಪರ್ಲೀನ್ ತನ್ನ ದಪ್ಪ ಮೈಯೆಲ್ಲ ಕುಲುಕುವಂತೆ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಸೆರಗಿನಂತೆ ಏಪ್ರನ್ನು ಒತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆರ್ಗನ್ ನುಡಿಯಿತು. "ಕ್ಯಾಪ್ಟನ್ ಎಂದೇ ಪರಿಚಿತರಾದ ಗ್ರಾನ್ವಿಲ್ ಸ್ಕೀಟ್ ಅವರ ಅಕಾಲಿಕ ಮರಣವನ್ನು ವಿಷಾದದಿಂದ ತಿಳಿಸುತ್ತೇವೆ. ಲಂಡನ್ನಿನ ಸಾಧ್ವಿ ಮ್ಯೂರಿಯಲ್ ಸ್ಕೀಟ್ ಅವರ ಪತಿ." ಆಮೇಲೆ ಮಕ್ಕಳು ಬಂದರು, ಪಕ್ಕದ ಊರಿನ ಡಲ್ಸೀನಾಳ ಇಬ್ಬರು ಗಂಡುಮಕ್ಕಳೂ ತಾಯಿಯ ಹೆಸರಿಲ್ಲದೆ ಬಂದರು. ಇಬ್ಬರೂ ತಾವಾಗಿ ಹುಟ್ಟಿದಂತಿತ್ತು. ಅತ್ತಿಗೆಯರು, ಸೋದರಳಿಯಂದಿರು, ಅಜೇಯ ತಂಡ. ಇಸ್ಮೇ ಕೈಯಲ್ಲಿದ್ದುದನ್ನು ಕೆಳಗಿಡಲಿಲ್ಲ, ಜೀಗುಜ್ಜೆ ಹೆಚ್ಚುತ್ತಲೇ ಇದ್ದಳು. "ಶವಯಾತ್ರೆ ಭಾನುವಾರ ಮೂರು ಗಂಟೆಗೆ, ಮೃತರು ಬಾಡಿಗೆಗಿದ್ದ, ಕ್ಲೇಪಿಟ್ಟಿನ ಶ್ರೀಮತಿ ಇಸ್ಮೇ ಗಿಟನ್ಸ್ ಅವರ ಸ್ವಂತ ಮನೆಯಿಂದ ಹೊರಡುವುದು." ಮಧ್ಯಾಹ್ನವೂ ಹೊರಟಿತು. ಸಂಜೆಯೂ ಹೊರಟಿತು.

ಶನಿವಾರ ಮ್ಯೂರಿಯಲ್ ಬಂದಳು. ಉರಿಬಿಸಿಲಲ್ಲಿ ಮಂಡಿಯವರೆಗಿನ ಉಣ್ಣೆಯ ಕೋಟು ತೊಟ್ಟು ಟ್ಯಾಕ್ಸಿಯಿಂದ ಇಳಿದಳು. ಕೋಟು ಬಿಚ್ಚಿದರೆ ಇಂಗ್ಲೆಂಡಿನಿಂದ ಬಂದವಳೆಂದು ಯಾರಿಗೆ ತಿಳಿಯಬೇಕು? ಮಣ್ಣು ಮುಗಿಯುವವರೆಗೆ ಅವಳು ಜೆಮಟ್‌ನ ಮನೆಯಲ್ಲಿ ಇಳಿದುಕೊಂಡಳು.

ಭಾನುವಾರ ಇಸ್ಮೇ ಚರ್ಚಿನಲ್ಲಿ ಆರನೇ ಸಾಲಿನಲ್ಲಿ ಕೂತಳು. ಮುಂದಿನ ಐದು ಸಾಲು ಪಟ್ಟಿಯಲ್ಲಿದ್ದವರಿಗೆ. ಇಪ್ಪತ್ತೆರಡು ವರ್ಷ ಅವಳ ಮನೆಯ ಮುಂದೆ ಹಾದು ಹೋದ ಜನ ಒಬ್ಬೊಬ್ಬರಾಗಿ ಬಂದು ಗಂಭೀರವಾಗಿ ಅವಳ ಕೈ ಕುಲುಕಿದರು.

"ಒಳ್ಳೆ ಬಾಡಿಗೆದಾರ ಸಿಗೋದು ಕಷ್ಟ ಇಸ್ಮೇ" ಎಂದಳು ಶಾಲೆಯ ಟೀಚರು.

"ಹೌದು ಟೀಚರ್."

"ಹೊತ್ತಿಗೆ ಸರಿಯಾಗಿ ಕೊಡ್ತಿದ್ನಾ?"

"ಒಂದು ದಿನಾನೂ ಕೊಡ್ಲಿಲ್ಲ."

ಶವಪೆಟ್ಟಿಗೆಯನ್ನು ಮುಚ್ಚುವಾಗ ಇಸ್ಮೇಗೆ ಅಳು ಬಂತು. ಬರುತ್ತದೆಂದು ಅವಳು ಎಣಿಸಿರಲಿಲ್ಲ. ತುಟಿ ಕಚ್ಚಿ ಹಿಡಿದರೂ ನಿಲ್ಲಲಿಲ್ಲ. ಅವನ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು, ಅದನ್ನು ಸರಿಮಾಡಲು ಆರನೇ ಸಾಲಿನಿಂದ ಕೈ ಎಟುಕುವುದಿಲ್ಲ. ಬಾಡಿಗೆದಾರನಿಗೆ ಇದು ಸ್ವಲ್ಪ ಹೆಚ್ಚಾಯಿತು ಎಂದು ಏಳನೇ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಮಣ್ಣು ಮುಗಿಸಿ ಬಂದ ಜನಕ್ಕೆ ಇಸ್ಮೇಯ ಮನೆಯಲ್ಲಿ ಹ್ಯಾಮು, ತೆಂಗಿನ ಸಿಹಿ ಬ್ರೆಡ್ಡು, ರಮ್ಮು. ಎರಡು ಸುತ್ತು ಆದ ಮೇಲೆ ಜೆಮಟ್ ಎದ್ದು ನಿಂತ. ಮ್ಯೂರಿಯಲ್ ಕಿಟಕಿಯ ಪಕ್ಕ ಕೋಟಿನಲ್ಲೇ ಬೆವರುತ್ತ ಕೂತಿದ್ದಳು.

"ಇಸ್ಮೇ, ಬೀಗದ ಕೈ."

"ಯಾವ ಬೀಗದ ಕೈ?"

"ಮಾತಾಗಿತ್ತಲ್ಲ."

"ಮಾತು ಆಪ್ತ ಮಿತ್ರೆಯ ಜೊತೆ ಆಗಿತ್ತು ಜೆಮಟ್ರೇ. ಅವಳನ್ನ ನೀವೇ ಹೊಡೆದು ಹಾಕಿದ್ರಿ. ನಾನು ಮನೆ ಒಡತಿ. ಇಡೀ ಬಾರ್ಬಡೋಸ್ ಕೇಳಿದೆ, ಮೂರು ಹೊತ್ತು."

ಕೋಣೆಯಲ್ಲಿ ಅಗಿಯುವ ಸದ್ದು ನಿಂತಿತು.

"ಅದು ಮರ್ಯಾದೆಗೋಸ್ಕರ ಬರೆದದ್ದು" ಎಂದ ಜೆಮಟ್.

"ಹಾಗಾದ್ರೆ ನಾಳೆ ಬೆಳಿಗ್ಗೆ ಏಳಕ್ಕೆ ಓದಿಸಿ. ಮನೆ ಕ್ಯಾಪ್ಟನ್ನನದೇ, ಇಪ್ಪತ್ತೆರಡು ವರ್ಷ ಇವಳ ಜೊತೆ ಸಂಸಾರ ಮಾಡಿದ, ಸಂಘ ಸುಳ್ಳು ಹೇಳಿತ್ತು ಅಂತ. ಪಕ್ಕದಲ್ಲೇ ಒಂಬತ್ತನೇ ನಿಯಮಾನೂ ಓದಿಸಿ."

ಮ್ಯೂರಿಯಲ್ ತಲೆಯೆತ್ತಿ ಜೆಮಟ್‌ನನ್ನು ನೋಡಿದಳು. "ಬಾಡಿಗೆಗಿದ್ದ ಅಂತ ನನಗೂ ಹೇಳಿದ್ರಲ್ಲ ನೀವು. ಈಗ ಮನೆ ಯಾರ್ದು ಅಂತ ಒಂದೇ ಒಂದು ಹೇಳಿ."

ಒಂಬತ್ತನೇ ನಿಯಮ ಹೊರಗೆ ಬಂದರೆ ಮಣ್ಣಿನ ಖರ್ಚು ಜೆಮಟ್‌ನ ತಲೆಯ ಮೇಲೆ ಬೀಳುತ್ತಿತ್ತು. ಆ ಮನೆಯಲ್ಲಿ ಮ್ಯೂರಿಯಲ್‌ಳನ್ನು ನಾಲ್ಕು ದಿನ ಕೂರಿಸಿ, ಐದನೇ ದಿನ ಅವಳಿಂದ ಮನೆ, ನೆಲ ಎರಡನ್ನೂ ಕೊಂಡು ಅಂಗಡಿಗೆ ಗೋದಾಮು ಮಾಡುವುದು ಅವನ ಯೋಚನೆಯಾಗಿತ್ತು. ಅದಕ್ಕೆ ಅವನು ಇನ್ನೂ ವಿಶೇಷಣ ಹುಡುಕಿರಲಿಲ್ಲ.

"ಮನೆ ನಿಂದೇ ಇರ್ಲಿ" ಎಂದ ಕೊನೆಗೆ. "ನೆಲ ಮಿಸೆಸ್ ಸ್ಕೀಟ್‌ದು. ನಾಳೆ ಸಂಜೆ ಒಳಗೆ ನಿನ್ನ ಮನೆ ಅವರ ನೆಲದ ಮೇಲಿಂದ ಎತ್ತು. ಎತ್ತದಿದ್ರೆ ಅದು ನೆಲಕ್ಕೆ ಸೇರಿದ್ದು."

ಆ ರಾತ್ರಿಯೇ ಊರಿನ ಬಡಗಿಗಳಿಗೆಲ್ಲ ಅವನ ಅಂಗಡಿಯಿಂದ ಸುದ್ದಿ ಹೋಯಿತು. ಇಸ್ಮೇಯ ಮನೆಯ ಒಂದು ಮೊಳೆ ಮುಟ್ಟಿದವನಿಗೂ ಇನ್ನು ಮುಂದೆ ಅಲ್ಲಿ ರಮ್ಮು ಸಿಗದು. ಮನೆ ಸಾಗಿಸುವುದು ಗಂಡಸರ ಕೆಲಸ, ಯಾವಾಗಲೂ. ಹೆಂಗಸರು ಆ ದಿನ ಮೆಕ್ಕೆಜೋಳದ ಹಿಟ್ಟಿನ ಕೂಕೂ ಮುದ್ದೆ ತಿರುಗಿಸಿ ಗಂಡಸರಿಗೆ ಬಡಿಸುವುದು ರೂಢಿ. ಸೋಮವಾರ ಬೆಳಿಗ್ಗೆ ಊರಿನಲ್ಲಿದ್ದ ಏಳು ಜನ ಬಡಗಿಗಳಿಗೂ ಒಂದೇ ಸಲ ಬೆನ್ನು ನೋವು ಬಂತು.

ಎಂಟು ಗಂಟೆಗೆ ಮೀನಿನ ಲಾರಿ ಬಂದು ನಿಂತಿತು. ಪರ್ಲೀನ್ ಓಡಿಸುತ್ತಿದ್ದಳು. ಹಿಂದೆ ಹನ್ನೊಂದು ಹೆಂಗಸರು, ಪೇಟೆಯ ಏಪ್ರನ್ನಿನಲ್ಲೇ.

"ನಮಗೆ ಬರುತ್ತಾ ಇದು?" ಎಂದಳು ಇಸ್ಮೇ.

"ಮನೆಗೂ ಮುಳ್ಳು ಅಂತ ಇರುತ್ತಲ್ಲ" ಎಂದಳು ಪರ್ಲೀನ್. "ಅದನ್ನ ಬಿಡಿಸಿದ್ರೆ ಆಯ್ತು."

ಮೊದಲು ಮಾಡಿನ ತಗಡು ಇಳಿಸಿದರು. ಆಮೇಲೆ ತೊಲೆ. ಗೋಡೆಗಳನ್ನು ಬಿಚ್ಚುವ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು, ಮುಂದೆ, ಹಿಂದೆ, ಸಮುದ್ರದ ಕಡೆ, ಚರ್ಚಿನ ಕಡೆ. ಬಾಗಿದ ಮೊಳೆಗಳನ್ನು ಕಲ್ಲಿನ ಮೇಲೆ ಕುಟ್ಟಿ ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕಿದರು. ಗಂಡಸರು ರಸ್ತೆಯಾಚೆ ಬೆನ್ನು ಹಿಡಿದುಕೊಂಡು ಸಾಲಾಗಿ ನಿಂತು ಸಲಹೆ ಕೊಟ್ಟರು. ಸಲಹೆ ಕೊಡುವುದನ್ನು ಜೆಮಟ್ ನಿಷೇಧಿಸಿರಲಿಲ್ಲ.

"ಆ ಕಡೆಯಿಂದ ಎತ್ತಬಾರದು ಕಣಮ್ಮ, ಬಿರುಕು ಬಿಡುತ್ತೆ" ಎಂದ ಒಬ್ಬ.

"ನಿನ್ನ ಬೆನ್ನಿನ ಹಾಗಾ?" ಎಂದಳು ಪರ್ಲೀನ್ ಗೋಡೆ ಹೊತ್ತುಕೊಂಡೇ.

ಲಾರಿ ನಾಲ್ಕು ಸಲ ಓಡಾಡಿತು. ಹೊಸ ಜಾಗ ಕೊಲ್ಲಿಯ ಹತ್ತಿರ, ಪರ್ಲೀನ್‌ಳ ಅತ್ತೆ ಕುರಿ ಕಟ್ಟುತ್ತಿದ್ದ ಮೂಲೆ. ಮೂರನೇ ಸಲಕ್ಕೆ ಮಳೆ ಹನಿದು ಸೀಮೆಸುಣ್ಣ ಅಳಿಸಿತು. ಹಾಗಾಗಿ ಮನೆ ಎದ್ದು ನಿಂತಾಗ ಸಮುದ್ರದ ಕಡೆಯ ಗೋಡೆ ಚರ್ಚಿನ ಕಡೆಗಿತ್ತು, ಮಲಗುವ ಕೋಣೆಯ ಕಿಟಕಿ ತೆರೆದರೆ ನೇರ ಕುರಿಯ ಮುಖ ಕಾಣುತ್ತಿತ್ತು. ಅಡುಗೆಮನೆ ಇನ್ನೂ ಲಾರಿಯಲ್ಲೇ ಇತ್ತು. ಉಳಿದ ಹೆಂಗಸರು ದೋಣಿ ಬರುವ ಹೊತ್ತಾಯಿತೆಂದು ಕೈ ತೊಳೆದು ಹೊರಟರು. ಜಾಗಕ್ಕೆ ಏನು ಕೊಡುತ್ತೀ ಎಂದು ಅತ್ತೆ ಆಗಲೇ ಎರಡು ಸಲ ಕೇಳಿಯಾಗಿತ್ತು.

ಸೂರ್ಯ ಮುಳುಗುವ ಮುಂಚೆ ಮ್ಯೂರಿಯಲ್ ಬಂದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ತೋಳಿನ ಮೇಲೆ ಕೋಟು. ಕೋಟಿಲ್ಲದೆ ಅವಳು ತುಂಬ ಸಣ್ಣಗೆ ಕಂಡಳು. ಹೊಸ್ತಿಲಿಗೆ ಇನ್ನೂ ಮೆಟ್ಟಿಲು ಇಟ್ಟಿರಲಿಲ್ಲ, ಹೊರಗೇ ನಿಂತಳು.

"ಜೆಮಟ್ ಬೆಳಿಗ್ಗೆಯಿಂದ ಕಾಗದ ಹಿಡ್ಕೊಂಡು ಹಿಂದೆ ಬಿದ್ದಿದಾನೆ, ನೆಲಕ್ಕೆ ಸಹಿ ಹಾಕು ಅಂತ" ಎಂದಳು. "ಯೋಚಿಸ್ತೀನಿ ಅಂದೆ. ಅವನ ಹೆಂಡತಿ ಊಟಕ್ಕೆ ಕರೀಲಿಲ್ಲ."

"ನೀವು ವಾಪಸ್ ಯಾವತ್ತು?"

"ವಾಪಸ್ಸಿಗೆ ಟಿಕೆಟ್ ಇಲ್ಲ." ಮ್ಯೂರಿಯಲ್ ಸೂಟ್‌ಕೇಸು ಕೆಳಗಿಟ್ಟಳು. "ಇಪ್ಪತ್ನಾಲ್ಕು ವರ್ಷ ರೈಲುಡಬ್ಬಿ ಗುಡಿಸಿದೆ. ಮಂಡಿ ಹೋಯ್ತು, ಕಳಿಸಿಬಿಟ್ರು. ಒಂದು ಸಲ ಕಾಗದ ಬರೆದಿದ್ದ ಅವನು. 'ನಿನಗೋಸ್ಕರ ಮನೆ ಕಟ್ಟಿದೀನಿ, ಮೂರು ಕೋಣೆ' ಅಂತ."

"ಕಟ್ಟಿದೀನಿ ಅಂತ ಬರೆದಿದ್ನಾ?"

"ಕೈಯಾರೆ ಅಂತ."

ಇಸ್ಮೇ ಕೈಯಲ್ಲಿದ್ದ ಸುತ್ತಿಗೆಯನ್ನೊಮ್ಮೆ ನೋಡಿದಳು. ಬೈಯಲು ಬಾಯಿ ತೆರೆದರೆ ನಗು ಬಂತು. ನಿಲ್ಲಿಸಲು ಆಗಲಿಲ್ಲ. ಮ್ಯೂರಿಯಲ್ ಮೊದಲು ಬಿಗುಮಾನದಿಂದ ನಿಂತಿದ್ದಳು, ಆಮೇಲೆ ಅವಳೂ ಸೂಟ್‌ಕೇಸಿನ ಮೇಲೆ ಕೂತು ಕಣ್ಣೊರೆಸಿಕೊಂಡಳು.

"ಇರೋದು ಒಂದೇ ಮಂಚ" ಎಂದಳು ಇಸ್ಮೇ. "ಇಷ್ಟೇ ದಿನ ಇರಿ ಅಂತ ನಾನು ಹೇಳಲ್ಲ. ನಿಮ್ಮ ನೆಲಕ್ಕೆ ಮಾತ್ರ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ. ಈ ಅತ್ತೆ ಕುರಿಗೆ ಕೇಳದ ಬಾಡಿಗೆ ನನಗೆ ಕೇಳ್ತಿದಾಳೆ. ನಾವಿಬ್ರೂ ಕೂತು ಮಾತಾಡಬೇಕಾಗುತ್ತೆ."

"ಮನೆ ಮತ್ತೆ ಬಿಚ್ಚಬೇಕಾಗುತ್ತಾ?"

"ಗೋಡೆ ಹೇಗೂ ಉಲ್ಟಾ ಕೂತಿದೆ."

ಮ್ಯೂರಿಯಲ್ ಇಸ್ಮೇಯ ಕೈ ಹಿಡಿದು ಒಳಗೆ ಹತ್ತಿದಳು. ಮಲಗುವ ಕೋಣೆಯಲ್ಲಿ ಮಂಚವನ್ನು ಆಗಷ್ಟೇ ಜೋಡಿಸಿದ್ದರು. ಅದರ ಮುಂದೆ ನಿಂತು ಕೇಳಿದಳು.

"ಅವನು ಯಾವ ಕಡೆ ಮಲಗ್ತಿದ್ದ?"

"ಗ್ರಾನ್ವಿಲ್ಲಾ? ಮಧ್ಯದಲ್ಲಿ."

"ನನ್ನ ಕಾಲದಲ್ಲೂ ಹಾಗೇ" ಎಂದು ಮ್ಯೂರಿಯಲ್ ಕೋಟನ್ನು ಮಡಚಿ ಗೋಡೆಯ ಕಡೆ ದಿಂಬಿನ ಜಾಗದಲ್ಲಿ ಇಟ್ಟಳು. ಕಿಟಕಿಯಾಚೆ ಕುರಿ ಒಂದು ಸಲ ಅವರನ್ನು ನೋಡಿ ಮತ್ತೆ ಮೇಯತೊಡಗಿತು.